ಕೀಳುವುದಕ್ಕೆಂದೇ ಹಾಕಿದ ಹಳಿ

ಮುಂದೆ ಕಿತ್ತುಹಾಕಲೇಬೇಕು ಅಂತ ಮೊದಲೇ ಒಪ್ಪಿಕೊಂಡು ಯಾರಾದರೂ ರೈಲು ಮಾರ್ಗ ಕಟ್ಟುತ್ತಾರಾ? ನ್ಯೂಯಾರ್ಕಿನವರು ಕಟ್ಟಿದ್ದರು. 1939ರಲ್ಲಿ ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ ವಿಶ್ವಮೇಳ, ಅಂದರೆ ದೊಡ್ಡ ಅಂತರರಾಷ್ಟ್ರೀಯ ವಸ್ತುಪ್ರದರ್ಶನ, ನಡೆಯಿತಲ್ಲ, ಅದಕ್ಕೆ ಜನರನ್ನು ಸಾಗಿಸಲೆಂದೇ ಸಬ್‌ವೇಯ, ಅಂದರೆ ಊರಿನ ಸುರಂಗ ರೈಲಿನ, ಒಂದು ಕವಲು ಹಾಕಿದರು. ಹಾಕಿದ್ದೇನು ಚಪ್ಪರವಲ್ಲ, ಸಿಗ್ನಲ್ಲು, ಸ್ಟೇಷನ್ನು ಎಲ್ಲ ಇರುವ ನಿಜವಾದ ರೈಲು!

ಫಾರೆಸ್ಟ್ ಹಿಲ್ಸ್ ನಿಲ್ದಾಣ ದಾಟಿದ ಮೇಲೆ ಸುರಂಗ ಬಿಟ್ಟು ಮೇಲೆ ಬಂದರೆ ರೈಲುಗಳನ್ನು ನಿಲ್ಲಿಸಿಡುವ ಜಮೈಕಾ ಯಾರ್ಡ್. ಸಾಮಾನ್ಯವಾಗಿ ಪ್ರಯಾಣಿಕರು ಕಾಲಿಡದ ಜಾಗ ಅದು. ಈ ರೈಲು ಮಾತ್ರ ಸಾಲಾಗಿ ನಿಂತ ಖಾಲಿ ರೈಲುಗಳ ಪಕ್ಕದಲ್ಲೇ ಹಾದು, ಒಂದು ಕಾಲದಲ್ಲಿ ಬೂದಿಗುಡ್ಡೆಗಳಿದ್ದ ಬಯಲಿನ ಅಂಚಿನಲ್ಲಿ ಬಯಲು ಬೆಳಕಿನಲ್ಲೇ ಹೋಗಿ, ಕೊನೆಯ ನಿಲ್ದಾಣದಲ್ಲಿ ಜನರನ್ನು ಇಳಿಸುತ್ತಿತ್ತು. ಇಳಿದ ಮೇಲೆ ಇನ್ನೊಂದು ತಮಾಷೆ. ಆಗ ಊರಿಡೀ ಸುತ್ತಲು ಒಂದೇ ನಿಕಲ್ ಸಾಕಿತ್ತು, ಅಂದರೆ 5 ಸೆಂಟ್. ಇಲ್ಲಿ ಮಾತ್ರ ಹೊರಗೆ ಹೋಗಲು ಗೇಟಿಗೆ ಇನ್ನೊಂದು ನಿಕಲ್ ಹಾಕಬೇಕು. ಒಳಗೆ ಬರಲು ಕಾಸು ಕೇಳಿದರೆ ಸರಿ, ಹೊರಗೆ ಬಿಡಲೂ ಕೇಳುವುದು ಅಂದರೆ! ಮಾರ್ಗ ಎರಡೇ ಸೀಸನ್ನಿಗೆ ತಾನೆ, ಹಾಕಿದ ದುಡ್ಡು ಇನ್ಯಾವಾಗ ವಾಪಸ್ ಬರಬೇಕು ಅನ್ನುವ ಲೆಕ್ಕಾಚಾರ ಇರಬೇಕು.

1940ರ ಅಕ್ಟೋಬರ್ ಕೊನೆಗೆ ಮೇಳ ಮುಗಿಯಿತು, ರೈಲೂ ನಿಂತಿತು. 1941ರಲ್ಲಿ ಹಳಿ ಕೀಳುವ ಕೆಲಸ ಶುರು. ಅಷ್ಟು ಚೊಕ್ಕವಾಗಿ ಮಾತು ಉಳಿಸಿಕೊಂಡಿದ್ದು ನೋಡಿ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಸರ್ಕಾರಗಳು ಹೇಳಿದ ಹೊತ್ತಿಗೆ ಮಾಡಿ ಮುಗಿಸುವ ಕೆಲಸ ಅಪರೂಪ, ಅಂಥದ್ದರಲ್ಲಿ ಹೀಗೆ ಕೆಡವುವುದನ್ನೇ ಆರಿಸಿಕೊಳ್ಳಬೇಕಾ?

ಆದರೆ ಆ ಮೇಳದ ಮನಸ್ಸು ಎಲ್ಲಿತ್ತು ಅಂತ ನೋಡಿದರೆ ಆಶ್ಚರ್ಯ ಆಗುವುದಿಲ್ಲ. ಅದರ ವಿಷಯವೇ ನಾಳಿನ ಜಗತ್ತು. ಜನ ಮುಗಿಬಿದ್ದಿದ್ದು ಕಾರು ಕಂಪನಿ ಜನರಲ್ ಮೋಟರ್ಸ್‌ನವರ ಫ್ಯೂಚರಾಮಾ ಅನ್ನುವ ಪ್ರದರ್ಶನಕ್ಕೆ. ಚಲಿಸುವ ಕುರ್ಚಿಯಲ್ಲಿ ಕೂತು ಕೆಳಗೆ ನೋಡಿದರೆ 1960ರ ಅಮೆರಿಕದ ಪುಟ್ಟ ಮಾದರಿ. ಅಗಲವಾದ ಹೆದ್ದಾರಿಗಳು, ಅದರ ಮೇಲೆ ಸಾವಿರಾರು ಪುಟಾಣಿ ಕಾರುಗಳು. ನಿಕಲ್ ಮೇಲೆ ನಿಕಲ್ ಕೊಟ್ಟು ರೈಲಿನಲ್ಲಿ ಬಂದವರು ಕಾರಿನ ಕನಸು ಕಂಡು, ಮತ್ತೆ ಅದೇ ರೈಲು ಹತ್ತಿ ಮನೆಗೆ ಹೋದರು. ಆಮೇಲೆ ವ್ಯಾನ್ ವಿಕ್ ಎಕ್ಸ್‌ಪ್ರೆಸ್‌ವೇ ಅನ್ನುವ ಹೆದ್ದಾರಿ ಬಂತು, ಆ ಹಳಿ ಇದ್ದ ಜಾಗದಲ್ಲೂ ಸುಮಾರು ಭಾಗ ಅದರ ಪಾಲಾಯಿತು.

1964ರಲ್ಲಿ ಅದೇ ಮೈದಾನದಲ್ಲಿ ಇನ್ನೊಂದು ವಿಶ್ವಮೇಳ ಆಯಿತು. ಆ ಕವಲನ್ನು ಮತ್ತೆ ಕಟ್ಟಲಿಲ್ಲ. ಸಬ್‌ವೇಯಲ್ಲಿ ಬರುವವರು ಮೊದಲಿನಿಂದಲೂ ಇದ್ದ ಫ್ಲಶಿಂಗ್ ಮಾರ್ಗ ಹಿಡಿದು ವಿಲೆಟ್ಸ್ ಪಾಯಿಂಟಿನಲ್ಲಿ ಇಳಿದರು. ಇವತ್ತು ಬೇಸ್‌ಬಾಲ್ ನೋಡಲು ಹೋಗುವವರು ಇಳಿಯುವುದೂ ಅಲ್ಲೇ. ಹೊರಗೆ ಹೋಗಲು ಯಾರೂ ಕಾಸು ಕೇಳುವುದಿಲ್ಲ.