ಚಹಾದ ಅಡಿಯಲ್ಲಿ ಬಂದ ಪಿಂಗಾಣಿ

ಚೀನೀ ಪಿಂಗಾಣಿಯ ಕುರಿತ ಲೇಖನವೊಂದನ್ನು ಓದಿದೆ; ಯುರೋಪಿಗೆ ಹೋದ ಪಿಂಗಾಣಿಯೆಲ್ಲ ಅರಮನೆಗಳ ಷೋಕಿಗೆ ಎಂಬ ಧಾಟಿಯಲ್ಲಿ ಅದು ಸಾಗಿದೆ. ಒಪ್ಪುವುದು ಕಷ್ಟ. 1752ರಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಮುಳುಗಿದ ಡಚ್ ಹಡಗು ಗೆಲ್ಡರ್‌ಮಾಲ್ಸೆನ್ ಅನ್ನೇ ನೋಡಿ. ಅದರ ಮುಖ್ಯ ಸರಕು ಚಹಾ. ಪಿಂಗಾಣಿಯ ಪೆಟ್ಟಿಗೆಗಳನ್ನು ಅದರಡಿಯಲ್ಲಿ ಜೋಡಿಸಿದ್ದರು: ಹಡಗು ಓಲಾಡದಂತೆ ಭಾರವೂ ಆಯಿತು, ನೀರು ಜಿನುಗಿದರೂ ಕೆಡದ ಮಾಲೂ ಆಯಿತು. ಸಮುದ್ರದಿಂದ ಎತ್ತಿ 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹರಾಜು ಹಾಕಿದ ಆ ಪಿಂಗಾಣಿಯ ರಾಶಿಯಲ್ಲಿ ಹೆಚ್ಚಿನವು ದಿನಬಳಕೆಯ ಬಟ್ಟಲು, ಸಾಸರು, ತಟ್ಟೆಗಳು. ಇದರಲ್ಲಿ ರಾಜವೈಭವ ಎಲ್ಲಿದೆ?

ಇನ್ನೊಂದು ಮಾತು. ಕೋಬಾಲ್ಟಿನ ನೀಲಿಯನ್ನು ಚೀನಾದ ಪಿಂಗಾಣಿ ತಯಾರಿಕೆಯ ಊರಾದ ಜಿಂಗ್‌ಡೆಝೆನ್‌ನಲ್ಲಿ ಹಸಿ ಪಾತ್ರೆಯ ಮೇಲೆಯೇ ಬರೆದು, ಮೇಲೆ ಗಾಜಿನಂಥ ಮೆರುಗು ಹಚ್ಚಿ ಸುಡುತ್ತಿದ್ದರು. ಗುಲಾಬಿ, ಕೆಂಪು, ಚಿನ್ನದ ಬಣ್ಣಗಳದ್ದು ಬೇರೆ ಕಥೆ: ಸುಟ್ಟ ಪಾತ್ರೆಯ ಮೆರುಗಿನ ಮೇಲೆ ಬಳಿದು, ಕಡಿಮೆ ಶಾಖದಲ್ಲಿ ಮತ್ತೊಮ್ಮೆ ಸುಡಬೇಕು. ಈ ಕೆಲಸ ಕ್ರಮೇಣ ಬಂದರಿನ ಪಕ್ಕದ ಕ್ಯಾಂಟನ್‌ನಲ್ಲೇ (ಇಂದಿನ ಗುವಾಂಗ್‌ಝೌ) ನಡೆಯತೊಡಗಿತು. ಗಿರಾಕಿ ಕೊಟ್ಟ ಕುಲಲಾಂಛನವನ್ನು ಅಲ್ಲೇ ಬರೆಯಿಸಬಹುದಿತ್ತಲ್ಲ! ಸಮುದ್ರದಿಂದ ಎತ್ತಿದ ಪಾತ್ರೆಗಳಲ್ಲಿ ಮೆರುಗಿನಡಿಯ ನೀಲಿ ಹಾಗೆಯೇ ಉಳಿದು, ಮೆರುಗಿನ ಮೇಲೆ ಬಳಿದ ಬಣ್ಣ ಸವೆದುಹೋಗಿರುವುದೂ ಈ ವ್ಯತ್ಯಾಸದಿಂದಲೇ. ಲೇಖನದ ಚಿತ್ರಗಳಡಿ ‘ಚೀನಾ, 18ನೆಯ ಶತಮಾನ’ ಎಂದಷ್ಟೇ ಬರೆದು ಕೈತೊಳೆದುಕೊಳ್ಳುವ ಬದಲು ಈ ವ್ಯತ್ಯಾಸವನ್ನೂ ತಿಳಿಸಬೇಕಿತ್ತು.