ಕ್ಯಾನ್ಸರ್ ಮದ್ದನ್ನು ಕೊಡಗಿನ ಕಾಡಿನಲ್ಲಿ ಹುಡುಕಬೇಕೇ?

ಪರ

ಕ್ಯಾನ್ಸರ್ ವಾರ್ಡಿನಲ್ಲಿ ಇಂದು ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ಔಷಧಗಳಲ್ಲಿ ಹಲವು ಗಿಡಮರಗಳಿಂದಲೇ ಬಂದಿರುವಾಗ, ಸಸ್ಯಮೂಲದ ಸಂಶೋಧನೆಯನ್ನು ನಾಟಿ ಮದ್ದೆಂದು ತಳ್ಳಿಹಾಕುವುದು ಸಲ್ಲದು. ಮಡಿಕೇರಿಯ ಅಂಗಳಗಳಲ್ಲೂ ಅರಳುವ ನಿತ್ಯಪುಷ್ಪದಿಂದ ದೊರೆತ ವಿನ್‌ಕ್ರಿಸ್ಟಿನ್ 1960ರ ದಶಕದಿಂದಲೂ ಮಕ್ಕಳ ರಕ್ತ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ.

ನಮಗೆ ಇನ್ನೂ ಹತ್ತಿರದ್ದು ಕ್ಯಾಂಪ್ಟೋಥೆಸಿನ್. 1966ರಲ್ಲಿ ಅಮೆರಿಕದ ರಸಾಯನವಿಜ್ಞಾನಿಗಳಾದ ಮನ್ರೋ ವಾಲ್ ಮತ್ತು ಮನಸುಖ್ ವಾನಿ ಅವರ ತಂಡ ಚೀನಾ ಮೂಲದ ಮರವೊಂದರಿಂದ ಬೇರ್ಪಡಿಸಿದ ಈ ಸಂಯುಕ್ತ ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆ. ಜೀವಕೋಶವು ವಿಭಜನೆಗೆ ಸಿದ್ಧವಾಗುವಾಗ ತನ್ನ ಡಿಎನ್‌ಎ ಎಳೆಯನ್ನು ಕತ್ತರಿಸಿ, ಸಿಕ್ಕು ಬಿಡಿಸಿ, ಮತ್ತೆ ಬೆಸೆಯುತ್ತದೆ. ಆ ಬೆಸುಗೆಯನ್ನೇ ಇದು ತಡೆಯುವುದರಿಂದ, ಬಿಡುವಿಲ್ಲದೆ ವಿಭಜಿಸುವ ಕ್ಯಾನ್ಸರ್ ಕೋಶ ತುಂಡಾದ ಎಳೆಗಳೊಂದಿಗೆ ಸಾಯುತ್ತದೆ. ಇಂಥ ಮರವಿರುವ ಘಟ್ಟದಲ್ಲಿ ಕುಳಿತು, ಕೊಡವ ಪಂಚಾಂಗದ ಕಕ್ಕಡ ಮಾಸದ 18ರಂದು ಮದ್ದುಸೊಪ್ಪಿನ ಕಡುನೇರಳೆ ಪಾಯಸ ಉಣ್ಣುವ ನಾಡು, ಆ ಸೊಪ್ಪಿನೊಳಗೆ ಏನಿದೆಯೆಂದು ಕೇಳದೆ ಇರುವುದು ಸರಿಯಲ್ಲ.

ವಿರೋಧ

ಕ್ಯಾಂಪ್ಟೋಥೆಸಿನ್ ಕಥೆಯ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಮೊದಲ ಪ್ರಯೋಗಗಳಲ್ಲಿ ಅದು ರೋಗಿಗಳ ಅಸ್ಥಿಮಜ್ಜೆಗೂ ಮೂತ್ರಕೋಶಕ್ಕೂ ಎಷ್ಟು ಹಾನಿ ಮಾಡಿತೆಂದರೆ 1970ರ ದಶಕದಲ್ಲಿ ಅದನ್ನು ಕೈಬಿಡಬೇಕಾಯಿತು. ಅದರ ರಚನೆಯನ್ನು ಮಾರ್ಪಡಿಸಿ ತಯಾರಿಸಿದ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಔಷಧಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ನಿತ್ಯಪುಷ್ಪದಿಂದಲೇ ಸಿಗುವ ಇನ್ನೊಂದು ಕ್ಯಾನ್ಸರ್ ಔಷಧ ವಿನ್‌ಬ್ಲಾಸ್ಟಿನ್; ಅದರ ಒಂದು ಗ್ರಾಂಗೆ ಸುಮಾರು 500 ಕಿಲೋ ಒಣ ಎಲೆ ಬೇಕು. ಹೀಗಿರುವಾಗ ಎಲೆ ಜಗಿದು ರೋಗ ಗೆಲ್ಲುವ ಮಾತೆಲ್ಲಿ?

ಆದರೂ ಜನ ಕೇಳಿಸಿಕೊಳ್ಳುವುದು ‘ಕಾಡಿನಲ್ಲಿ ಮದ್ದಿದೆ’ ಎಂಬಷ್ಟನ್ನೇ. ಮದ್ದುಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹಿಡಿಯಿತೆಂದು ಸಂಭ್ರಮಿಸುತ್ತೇವೆ. ಹೊರಬರುವುದು ಸೊಪ್ಪಿನ ಬಣ್ಣ, ಅದು ಯಾವ ಗುಣಕ್ಕೂ ಪುರಾವೆಯಲ್ಲ. (ಪಾಯಸದ ರುಚಿಗೆ ನನ್ನ ತಕರಾರಿಲ್ಲ.) ಚಿಕಿತ್ಸೆಗಾಗಿ ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಅಲೆಯಬೇಕಾದ ಕುಟುಂಬಕ್ಕೆ, ಮನೆ ಹಿತ್ತಲಿನ ಮುಳ್ಳುರಾಮಫಲದ ಎಲೆಯ ಕಷಾಯ ಎಷ್ಟು ಸುಲಭದ ದಾರಿಯಾಗಿ ಕಾಣುತ್ತದೆಂಬುದು ಊಹೆಗೆ ನಿಲುಕದ್ದೇನಲ್ಲ. ದೇಹದ ಬೇರೆಡೆಗೆ ಹರಡದ ಕ್ಯಾನ್ಸರ್ ಇದ್ದವರ ಪೈಕಿ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟಿತ್ತೆಂದು 2018ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಇನ್ನು ಕಾಡಿನ ಪಾಡು. ಕ್ಯಾಂಪ್ಟೋಥೆಸಿನ್‌ಗಾಗಿ ದುರ್ವಾಸನೆ ಮರವನ್ನು ಬುಡಸಮೇತ ಕಡಿದು ಸಾಗಿಸಿದ್ದರಿಂದ ಘಟ್ಟದ ಹಲವೆಡೆ ಅದು ವಿರಳವಾಗಿದೆ. ತೋಟದಲ್ಲಿ ಬೆಳೆಸುವ ಏರ್ಪಾಡು ಮೊದಲೇ ಆಗದ ಹೊರತು, ಕೊಡಗಿನ ಇನ್ನೊಂದು ಗಿಡದ ಹೆಸರನ್ನು ಮಾರುಕಟ್ಟೆಯ ಕಿವಿಗೆ ಹಾಕಬಾರದು.