ಅಂದು ಕೆಲಸಕ್ಕೆ ಬಾರದವರು

ರಾಕ್ ಸಂಗೀತದ ಇತಿಹಾಸವನ್ನೇ ಬದಲಿಸಿದ ಹತ್ತು ಕ್ಷಣಗಳು ಎಂಬ ವಿಡಿಯೊ ನನ್ನ ಮೊಬೈಲನ್ನು ಬಿಟ್ಟು ತೊಲಗುತ್ತಿಲ್ಲ. ಅಳಿಸಿದರೆ ಮತ್ತೊಂದು ಹೆಸರಿನಲ್ಲಿ ಬರುತ್ತದೆ. ಮೊನ್ನೆ ಹತ್ತಿದ್ದದ್ದು ನಿನ್ನೆ ಹದಿನೈದಾಗಿತ್ತು. ರಾತ್ರೋರಾತ್ರಿ ಇತಿಹಾಸ ಇನ್ನೈದು ಸಲ ಮಗ್ಗುಲು ಬದಲಿಸಿತೆಂದು ಕಾಣುತ್ತದೆ. ಗಂಟಲು ದಪ್ಪ ಮಾಡಿಕೊಂಡವನೊಬ್ಬ ‘ಆ ಒಂದು ಕ್ಷಣ...’ ಎಂದು ಹೇಳಿ ನಿಲ್ಲುತ್ತಾನೆ. ಚಿತ್ರ ನಿಧಾನವಾಗುತ್ತದೆ. ಏನಾಯಿತಪ್ಪ ಎಂದು ನಾವು ಬಗ್ಗಿ ನೋಡುವಷ್ಟರಲ್ಲಿ ಬನಿಯನ್ ಜಾಹೀರಾತು.

ಅವನ ಕ್ಷಣಗಳೆಲ್ಲ ಒಂದೇ ಅಚ್ಚಿನವು: ವೇದಿಕೆ, ಬೆಳಕು, ಗಿಟಾರು, ಎದುರಿಗೆ ಕಿರುಚುವ ಜನ. 1964ರ ಫೆಬ್ರುವರಿ 9ರಂದು ಬೀಟಲ್ಸ್ ಹುಡುಗರು ಎಡ್ ಸಲಿವನ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಹಾಡಿದ್ದನ್ನು ಅಮೆರಿಕದ ಏಳು ಕೋಟಿಗೂ ಹೆಚ್ಚು ಮಂದಿ ನೋಡಿದರು. ಸರಿ, ಒಪ್ಪಿದೆ. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ, ಜಾನಪದ ಗಾಯಕನೆಂದೇ ಹೆಸರಾಗಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರು ನೇತುಹಾಕಿಕೊಂಡು ಬಂದಾಗ ಒಂದಷ್ಟು ಜನ ಕೂಗಾಡಿದರು. ಅದೂ ಸರಿ. ಆದರೆ ಕೂಗಾಡಿದ್ದು ಆ ಗಿಟಾರಿನ ಮೇಲಿನ ಸಿಟ್ಟಿಗೋ, ಹಾಡಿನ ಮಾತು ಕಿವಿಗೆ ಬೀಳದಷ್ಟು ಧ್ವನಿವರ್ಧಕ ಕೆಟ್ಟಿತ್ತೆಂದೋ, ಮೂರೇ ಹಾಡಿಗೆ ತಂಡ ವೇದಿಕೆ ಇಳಿಯಿತೆಂದೋ, ಅಲ್ಲಿದ್ದವರಲ್ಲೇ ಒಮ್ಮತವಿಲ್ಲ. ವಿಡಿಯೊದವನಿಗೆ ಮಾತ್ರ ಯಾವ ಅನುಮಾನವೂ ಇಲ್ಲ. ಅನುಮಾನವಿಲ್ಲದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ತಕರಾರು ಇಷ್ಟೇ. ಕಲಾವಿದ ವೇದಿಕೆ ಹತ್ತುವ ಹೊತ್ತಿಗೆ ಆಗಬೇಕಾದದ್ದೆಲ್ಲ ಎಲ್ಲೋ ಹಿಂದೆ ಆಗಿಹೋಗಿರುತ್ತದೆ. ನಿಜವಾದ ಕ್ಷಣ ಯಾವುದೆಂದು ನಾನು ಹೇಳುತ್ತೇನೆ. ಅದಕ್ಕೆ ಮೊದಲು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಒಂದು ತಗಡಿನ ಕಾರ್ಖಾನೆಗೆ ಹೋಗಿಬರಬೇಕು.

ಅಲ್ಲಿ 1965ರಲ್ಲಿ ಟೋನಿ ಅಯೊಮಿ ಎಂಬ ಹದಿನೇಳರ ಹುಡುಗ ಬೆಸುಗೆ ಹಾಕುತ್ತಿದ್ದ. ಗಿಟಾರಿನ ಹುಚ್ಚು. ಯುರೋಪ್ ಪ್ರವಾಸಕ್ಕೆ ಹೊರಟಿದ್ದ ತಂಡವೊಂದು ಕರೆದಿತ್ತೆಂದು ಕೆಲಸ ಬಿಟ್ಟಿದ್ದ; ಅಂದು ಕಡೆಯ ದಿನ. ತಗಡು ಬಗ್ಗಿಸುವ ಯಂತ್ರದ ಮುಂದೆ ಕೂರುತ್ತಿದ್ದ ಹೆಂಗಸು ಅಂದು ಬಂದಿರಲಿಲ್ಲ. ಅವಳ ಕೆಲಸ ಆಗದೆ ಇವನ ಬೆಸುಗೆಗೆ ತಗಡು ಬರುವುದಿಲ್ಲ. ಸರಿ, ನೀನೇ ಕೂತುಕೋ ಎಂದರು. ಬೆಳಗ್ಗೆಯೆಲ್ಲ ಏನೂ ಆಗಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಎಂದ. ತಾಯಿ ಕೇಳಬೇಕಲ್ಲ! ದಿನ ಪೂರ್ತಿ ಮುಗಿಸಿಯೇ ಬಾ ಎಂದು ವಾಪಸು ಅಟ್ಟಿದಳು. ಹೋದ. ಯಂತ್ರ ಅವನ ಬಲಗೈ ಮೇಲೆ ಇಳಿಯಿತು. ನಡುಬೆರಳು ಮತ್ತು ಉಂಗುರದ ಬೆರಳಿನ ತುದಿಗಳು ಹೋದವು. ಹುಡುಗ ಎಡಚ, ತಂತಿ ಒತ್ತುವ ಕೈಯೇ ಅದು.

ಬಾರದವರ ಕೆಲಸ ಬಂದವರ ತಲೆಗೆ ಎಂಬುದು ಯಾವ ದೇಶದ ಕಾನೂನೋ, ನಾನರಿಯೆ. ಆದರೆ ಎಲ್ಲ ಕಡೆಯೂ ಜಾರಿಯಲ್ಲಿದೆ. ನಾನು ದುಡಿದ ಕಚೇರಿಯಲ್ಲಿ ರಜೆ ಹಾಕಿದವರ ಕಡತಗಳು ನೇರವಾಗಿ ನನ್ನ ಮೇಜಿಗೆ ನಡೆದು ಬರುತ್ತಿದ್ದವು. ಒಬ್ಬರಿಗೆ ನಾಮಕರಣ, ಇನ್ನೊಬ್ಬರಿಗೆ ಗೃಹಪ್ರವೇಶ, ಮತ್ತೊಬ್ಬರಿಗೆ ವರ್ಷಕ್ಕೆರಡು ಸಲ ತೀರಿಕೊಳ್ಳುವ ದೊಡ್ಡಪ್ಪ. ಮರುದಿನ ಪ್ರಸಾದ ತಂದುಕೊಟ್ಟು ‘ನಿಮಗೆ ತೊಂದರೆಯಾಯಿತೇನೋ’ ಎನ್ನುತ್ತಿದ್ದರು. ಆಗಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ಈಗ ಹೇಳುತ್ತಿದ್ದೇನೆ. ಅದರಿಂದ ನನ್ನ ಕನ್ನಡಕದ ಗಾಜು ದಪ್ಪವಾಯಿತೇ ವಿನಾ ಯಾವ ಸಂಗೀತ ಪ್ರಕಾರವೂ ಹುಟ್ಟಲಿಲ್ಲ.

ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿತು. ಕಾರ್ಖಾನೆಯ ಮೇಲಧಿಕಾರಿಯೊಬ್ಬ ಗಿಟಾರು ವಾದಕ ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡ್ ತಂದು ಕೇಳಿಸಿ, ಬೆಂಕಿಯಲ್ಲಿ ಕೈ ಸುಟ್ಟುಕೊಂಡ ಈ ಮನುಷ್ಯ ಎರಡೇ ಬೆರಳಿನಲ್ಲಿ ಇದನ್ನು ನುಡಿಸಿದ್ದಾನೆ ನೋಡು ಎಂದನಂತೆ. ಸ್ಫೂರ್ತಿ ಭಾಷಣಕಾರರು ಇಲ್ಲಿಗೆ ಕಥೆ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ನನಗೆ ಇಷ್ಟವಾಗುವುದು ಅದರ ಮುಂದಿನ ಭಾಗ. ಪಾತ್ರೆ ತೊಳೆಯುವ ದ್ರಾವಣದ ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಹುಡುಗ ಕರಗಿಸಿದ. ಬಿಸಿಯಿರುವಾಗಲೇ ಉಂಡೆ ಕಟ್ಟಿ, ಕಾದ ಕಬ್ಬಿಣದಿಂದ ತೂತು ಮಾಡಿ, ಬೆರಳ ತುದಿಗೆ ಕೂರುವವರೆಗೆ ಉಜ್ಜುಕಾಗದದಲ್ಲಿ ಉಜ್ಜುತ್ತ ಕೂತ. ತಂತಿಯ ಮೇಲೆ ಪ್ಲಾಸ್ಟಿಕ್ ಜಾರಿತು. ಹಳೆಯ ಚರ್ಮದ ಕೋಟಿನಿಂದ ತುಂಡು ಕತ್ತರಿಸಿ ಅದಕ್ಕೆ ಅಂಟಿಸಿದ. ಗಿಟಾರಿನ ತಂತಿಗಳು ಗಡುಸಾಗಿದ್ದುದರಿಂದ ತೆಳುವಾದ ಬ್ಯಾಂಜೊ ತಂತಿ ಹಾಕಿದ. ಅದೂ ಸಾಲದೆ ಮುಂದೆ ತಂತಿಗಳನ್ನೇ ಸಡಿಲಿಸಿ ಶ್ರುತಿ ಇಳಿಸಿದ. 1970ರ ಫೆಬ್ರುವರಿ 13ರ ಶುಕ್ರವಾರ ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ ಬಂತು. 1971ರ ಮೂರನೆಯದರಲ್ಲಿ ಶ್ರುತಿ ತಗ್ಗಿ, ಮೋಡ ಗುಡುಗುವ ಮುನ್ನ ಗೊಣಗಿದಂತೆ ಕೇಳಿಸುತ್ತದೆ. ಹೆವಿ ಮೆಟಲ್ ಎಂದು ಜಗತ್ತು ತಲೆ ಕುಣಿಸುತ್ತಿರುವುದು ಇದಕ್ಕೇ.

ಹಾಗಾದರೆ ನಿಜವಾದ ಕ್ಷಣ ಯಾವುದು? ಆ ಹೆಂಗಸು ಬಾರದ್ದೋ, ತಾಯಿ ಮಗನನ್ನು ಅಟ್ಟಿದ್ದೋ, ಬಾಟಲಿ ಖಾಲಿಯಾದದ್ದೋ? ಹೇಳುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಆಲ್ ಕೂಪರ್ ನೆನಪಾಗುತ್ತಿದ್ದಾನೆ.

ಅದೇ 1965ರ ಜೂನ್. ನ್ಯೂಯಾರ್ಕಿನಲ್ಲಿ ಡಿಲನ್ ‘ಲೈಕ್ ಎ ರೋಲಿಂಗ್ ಸ್ಟೋನ್’ ಧ್ವನಿಮುದ್ರಿಸುತ್ತಿದ್ದ. ಇಪ್ಪತ್ತೊಂದರ ಕೂಪರ್ ಸುಮ್ಮನೆ ನೋಡಲು ಬಂದವನು. ಗಿಟಾರು ನುಡಿಸುವ ಆಸೆಯನ್ನು ಒಳಗೇ ಇಟ್ಟುಕೊಂಡಿದ್ದ. ಮೈಕ್ ಬ್ಲೂಮ್‌ಫೀಲ್ಡ್ ಗಿಟಾರು ಮೀಟಿದ್ದನ್ನು ಕೇಳಿದವನೇ ತನ್ನದನ್ನು ಚೀಲಕ್ಕೆ ತುರುಕಿದ. ಆರ್ಗನ್ ನುಡಿಸುತ್ತಿದ್ದವನು ಪಿಯಾನೊಗೆ ಎದ್ದುಹೋದಾಗ ಖಾಲಿಯಾದ ಜಾಗದಲ್ಲಿ ಹೋಗಿ ಕೂತ. ಆರ್ಗನ್ ಅವನಿಗೆ ಬರುತ್ತಿದ್ದುದು ಅಷ್ಟಕ್ಕಷ್ಟೆ. ಉಳಿದವರು ಯಾವ ಸ್ವರಕ್ಕೆ ಹೋಗುತ್ತಾರೆಂದು ಕೇಳಿಸಿಕೊಂಡು, ಆಮೇಲೆ ತಾನು ಒತ್ತುತ್ತಿದ್ದ. ಹೀಗಾಗಿ ಹಾಡಿನುದ್ದಕ್ಕೂ ಆರ್ಗನ್ ಕೂದಲೆಳೆಯಷ್ಟು ಹಿಂದೆ. ಅವನು ಆರ್ಗನ್ ವಾದಕನೇ ಅಲ್ಲ ಎಂದು ನಿರ್ಮಾಪಕ ಹೇಳಿದರೂ ಡಿಲನ್ ಆರ್ಗನ್ನನ್ನು ಜೋರು ಮಾಡಿಸಿದ. ಆ ತಡವನ್ನು ಬಲ್ಲವರು ಇವತ್ತು ಶೈಲಿ ಎನ್ನುತ್ತಾರೆ. ನಾನು ಕಚೇರಿಗೆ ಐದು ನಿಮಿಷ ತಡವಾಗಿ ಹೋದಾಗಲೆಲ್ಲ ಅರ್ಧ ದಿನದ ರಜೆ ಬರೆದುಕೊಂಡಿದ್ದಾರೆ.